ಕರುಳಿನ ರೋಗಿಗೆ ‘ಖುಷಿಯಾಗಿರಿ’ ಎನ್ನುವವರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಆರೋಗ್ಯ ಪುರವಣಿಯಲ್ಲಿ ಹೊಟ್ಟೆಯ ಆರೈಕೆ ಕುರಿತು ಬಂದ ಲೇಖನ ಓದಿದೆ. ಮಜ್ಜಿಗೆ ಕುಡಿಯಿರಿ, ಸೊಪ್ಪು ತಿನ್ನಿ, ಹೊತ್ತಿಗೆ ಸರಿಯಾಗಿ ಮಲಗಿ ಎನ್ನುವ ತನಕ ನನ್ನದೇನೂ ತಕರಾರಿಲ್ಲ. ಕೊನೆಗೆ ಬರುವಾಗ ಲೇಖಕರು ಕರುಳಿನ ಕಾಯಿಲೆಗಳಿಗೆಲ್ಲ ಚಿಂತೆಯೇ ಮೂಲ, ಮನಸ್ಸನ್ನು ಖುಷಿಯಾಗಿಟ್ಟುಕೊಂಡರೆ ಕರುಳೂ ತಾನಾಗಿ ಸರಿಹೋಗುತ್ತದೆ ಎಂಬ ಅರ್ಥದಲ್ಲಿ ಬರೆದುಬಿಟ್ಟಿದ್ದಾರೆ. ಆ ಸಾಲನ್ನು ನನ್ನ ಭಾವಮೈದುನ ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ, ‘ನೋಡಿ ಭಾವ, ಪೇಪರ್‌ನಲ್ಲೇ ಬಂದಿದೆ. ನೀವು ತಲೆ ಕೆಡಿಸ್ಕೊಳ್ಳೋದು ಬಿಟ್ರೆ ಅರ್ಧ ಕಾಯಿಲೆ ಹೋಯ್ತು’ ಎಂದ. ಅವನದು ಕಾಳಜಿಯೇ, ಗೊತ್ತು. ಆದರೂ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ನಾನು ಹಾಸನ ಜಿಲ್ಲೆಯಲ್ಲಿ ಪರವಾನಗಿ ಪಡೆದ ಭೂಮಾಪಕ. 11ಇ ನಕ್ಷೆ, ಪೋಡಿ, ಹದ್ದುಬಸ್ತು ಎಂದು ಜಮೀನು ಅಳೆದು, ಭಾಗ ಮಾಡಿ, ಗಡಿ ಗುರುತಿಸುವ ಕೆಲಸಗಳೇ ನನ್ನ ಅನ್ನ. ನನ್ನ ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು. ಮಲದಲ್ಲಿ ರಕ್ತ, ಲೋಳೆ. ಕೆರಳಿದಾಗ ದಿನವಿಡೀ ಕಕ್ಕಸಿಗೆ ಓಡಾಟ. ಇದೇ ಜಾತಿಯ ಇನ್ನೊಂದು ಕಾಯಿಲೆ ಕ್ರೋನ್ಸ್. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಎರಡನ್ನೂ ಸೇರಿಸಿ ವೈದ್ಯರು ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಅಂದರೆ ಕರುಳಿನ ಉರಿಯೂತದ ಕಾಯಿಲೆ) ಎನ್ನುತ್ತಾರೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದು ಇನ್ನೊಂದಿದೆ. ಅದರಲ್ಲಿ ಹೊಟ್ಟೆನೋವು, ಭೇದಿ, ಮಲಬದ್ಧತೆ ಎಲ್ಲ ಇದ್ದರೂ ಕರುಳಿನಲ್ಲಿ ಹುಣ್ಣಾಗುವುದಿಲ್ಲ. ನಿಮ್ಮ ಲೇಖಕರು ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದಾರೆ. ನಮ್ಮ ಕಡೆ ಇವು ಯಾವುವೂ ಇಲ್ಲ ಬಿಡಿ, ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಒಂದೇ ಹೆಸರು.

ನನಗೂ ಶುರುವಿನಲ್ಲಿ ಗ್ಯಾಸ್ಟ್ರಿಕ್ ಅಂದರು, ಆಮೇಲೆ ಮೂಲವ್ಯಾಧಿ ಅಂದರು, ಆಮಶಂಕೆ ಅಂದರು. ಒಬ್ಬರು ಮುಲಾಮು ಕೊಟ್ಟರು, ಒಬ್ಬರು ಜಂತುವಿನ ಮಾತ್ರೆ ಕೊಟ್ಟರು. ಅತ್ತೆ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಟ್ಟರು. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಮಾಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಕಾಯಿಲೆಗೊಂದು ಖಚಿತವಾದ ಹೆಸರು ಸಿಕ್ಕಿತು. ನನ್ನ ಪಕ್ಕದ ಮಂಚದಲ್ಲಿದ್ದ ಹುಡುಗನಿಗೆ ಕ್ರೋನ್ಸ್. ಅವನಿಗೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ್ದರು. ಕರುಳಿನ ಕ್ಷಯವೂ ಕ್ರೋನ್ಸೂ ಮೇಲ್ನೋಟಕ್ಕೆ ಒಂದೇ ಥರ ಕಾಣುವುದರಿಂದ ನಮ್ಮ ದೇಶದಲ್ಲಿ ಹೀಗಾಗುವುದು ಅಪರೂಪವೇನಲ್ಲವಂತೆ.

ಈ ಕಾಯಿಲೆ ಚಿಂತೆಯಿಂದ ಹುಟ್ಟುವುದಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತನ್ನ ಕರುಳಿನ ಮೇಲೆ ತಿರುಗಿಬೀಳುತ್ತದೆ. ಅದರಲ್ಲಿ ಹುಟ್ಟುಗುಣದ ಪಾಲಿದೆ, ಕರುಳಿನ ಸೂಕ್ಷ್ಮಾಣುಗಳ ಪಾಲಿದೆ, ಪರಿಸರದ ಪಾಲಿದೆ. ಒತ್ತಡ ಹೆಚ್ಚಾದಾಗ ಕೆಲವರಿಗೆ ಕಾಯಿಲೆ ಕೆರಳುವುದುಂಟು, ಇಲ್ಲವೆನ್ನುವುದಿಲ್ಲ. ಅಷ್ಟೇ ನಿಜವಾದ ಇನ್ನೊಂದು ದಿಕ್ಕೂ ಇದೆ: ಕರುಳು ಕೆರಳಿದರೆ ಮನಸ್ಸು ಕೆಡುತ್ತದೆ. ಹೊಟ್ಟೆಯೂ ಮನಸ್ಸೂ ಅಕ್ಕಪಕ್ಕದ ಹಿಡುವಳಿ ಇದ್ದ ಹಾಗೆ, ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ; ಹಾಗೆಂದು ಎರಡನ್ನೂ ಒಂದೇ ಸರ್ವೆ ನಂಬರಿಗೆ ಸೇರಿಸಲು ಬರುವುದಿಲ್ಲ. ದೇಹದ ಸಿರೊಟೋನಿನ್‌ನಲ್ಲಿ ಶೇ 90ರಷ್ಟು ಕರುಳಿನಲ್ಲೇ ಇರುತ್ತದೆ, ಆದ್ದರಿಂದ ಮೊಸರು ತಿಂದರೆ ಸಂತೋಷ ಹೆಚ್ಚುತ್ತದೆ ಎಂದೂ ಆ ಲೇಖನದಲ್ಲಿದೆ. ಮೊದಲ ಅರ್ಧ ಸರಿ. ಆದರೆ ಕರುಳಿನ ಸಿರೊಟೋನಿನ್ ರಕ್ತದಿಂದ ಮೆದುಳಿನೊಳಕ್ಕೆ ದಾಟುವುದೇ ಇಲ್ಲ. ಮೊಸರನ್ನು ರುಚಿಗೆ ತಿನ್ನೋಣ, ನಾನೂ ತಿನ್ನುತ್ತೇನೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮನಸ್ಸು ಕೆಡುವ ವಿಷಯ. ಅದು ಹೇಗಿರುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಂಪಾದಕರು ಕತ್ತರಿ ಹಾಕಬಾರದು.

ಹದ್ದುಬಸ್ತಿನ ದಿನ ಎಂದರೆ ಜಮೀನಿನಲ್ಲಿ ಒಂದು ಸಣ್ಣ ಜಾತ್ರೆ. ಅರ್ಜಿದಾರ, ಅಕ್ಕಪಕ್ಕದ ಹಿಡುವಳಿದಾರರು, ಅವರ ಕಡೆಯ ನಾಲ್ಕು ಜನ, ಬದುವಿನ ಮೇಲೆ ಕೂತು ಬೀಡಿ ಸೇದುವ ಊರಿನ ಹಿರಿಯರು. ನೋಟಿಸು ಕೊಟ್ಟು ಕರೆಸಿರುತ್ತೇವೆ, ಎಲ್ಲರ ಎದುರಿಗೇ ಅಳತೆ ಆಗಬೇಕು. ಹಳೇ ಬಾಂದು ಕಲ್ಲು ಹುಡುಕಿ, ಅಲ್ಲಿಂದ ಅಳತೆ ಹಿಡಿದು, ಇನ್ನೇನು ಗಡಿ ಎಲ್ಲಿಗೆ ಬರುತ್ತದೆ ಎಂದು ಎರಡೂ ಕಡೆಯವರು ಉಸಿರು ಬಿಗಿಹಿಡಿದು ನಿಂತ ಹೊತ್ತಿಗೆ ನನಗೆ ಅವಸರವಾಗುತ್ತದೆ. ಈ ಕಾಯಿಲೆಯ ಅವಸರ ತಡೆದುಕೊಳ್ಳುವಂಥದ್ದಲ್ಲ. ಒಂದೆರಡು ನಿಮಿಷದ ವ್ಯವಹಾರ. ಕೈಯಲ್ಲಿದ್ದುದನ್ನು ಸಹಾಯಕನಿಗೆ ಕೊಟ್ಟು, ಏನೂ ಹೇಳದೆ, ಬೈಕ್ ಹತ್ತಿ ಹೊರಟುಬಿಡುತ್ತಿದ್ದೆ. ಬಯಲುಸೀಮೆಯ ಹೊಲದಲ್ಲಿ ಮರೆಯೆಲ್ಲಿ ಬರಬೇಕು? ಅಲ್ಲೊಂದು ಇಲ್ಲೊಂದು ತೆಂಗಿನ ಮರ, ಅದೂ ಬುಡ ಬೋಳು.

ಊರಿನವರು ಇದನ್ನು ಹೇಗೆ ಅರ್ಥ ಮಾಡಿಕೊಂಡರು ಗೊತ್ತೇ? ಅಳತೆ ಮಧ್ಯದಲ್ಲಿ ಸರ್ವೇಯರ್ ಎದ್ದು ಹೋದರೆ ಅದಕ್ಕೆ ಒಂದೇ ಅರ್ಥ: ಎದುರು ಪಾರ್ಟಿ ಕವರ್ ಕೊಟ್ಟಿದೆ, ಅಥವಾ ಈ ಪಾರ್ಟಿ ಕೊಟ್ಟದ್ದು ಸಾಲದೆ ಬಂದಿದೆ. ಒಬ್ಬರು ನನ್ನ ಮೇಲೆ ಅರ್ಜಿಯನ್ನೇ ಬರೆದರು. ನಾನು ಸಾಹೇಬರ ಮುಂದೆ ಕೈಕಟ್ಟಿ ನಿಂತು, ‘ಸಾರ್, ಭೇದಿಯಾಗಿತ್ತು’ ಎನ್ನುವ ಮಾತನ್ನು ನುಂಗಿಕೊಂಡು, ‘ಯಂತ್ರದ ಬ್ಯಾಟರಿ ಹೋಗಿತ್ತು’ ಎಂದೆ. ಲಂಚಕೋರ ಅನ್ನಿಸಿಕೊಂಡೇನು, ಪಂಚೆಯಲ್ಲೇ ಹೋಗುವವನು ಅನ್ನಿಸಿಕೊಳ್ಳಲಾರೆ ಎಂಬ ಲೆಕ್ಕಾಚಾರ ಅದು. ನಮ್ಮ ಸಮಾಜದಲ್ಲಿ ಯಾವುದಕ್ಕೆ ಹೆಚ್ಚು ನಾಚಿಕೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಮನಸ್ಸು ಕುಗ್ಗಿದ್ದು ಅಳುವುದರಿಂದ ಶುರುವಾಗಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕಿದ್ದೂ ಇಲ್ಲ. ರೈತರ ಫೋನು ಬಂದರೆ ಎತ್ತಲು ಬೇಜಾರು. ಅಳತೆ ಮುಗಿಸಿ ತಂದ ಜಮೀನಿನ ನಕ್ಷೆ ಬರೆಯದೆ ವಾರಗಟ್ಟಲೆ ಬಿದ್ದಿರುವುದು. ಹಿಸ್ಸಾ ನಂಬರುಗಳು ಕಣ್ಣಮುಂದಿದ್ದರೂ ತಲೆಗೆ ಹತ್ತದಿರುವುದು. ಗಡ್ಡ ಬೋಳಿಸಿಕೊಳ್ಳಲು ಕನ್ನಡಿ ಮುಂದೆ ನಿಂತು, ಸುಮ್ಮನೆ ನೋಡಿಕೊಂಡು ಹಿಂದಕ್ಕೆ ಬರುವುದು. ಊಟಕ್ಕೆ ಕೂತರೆ ತುತ್ತು ಬಾಯಿಗಿಡುವ ಮೊದಲೇ, ಇದು ಒಳಗೆ ಹೋಗಿ ಏನು ಮಾಡುತ್ತದೋ ಎಂಬ ಭಯ. ಮದುವೆ ಮನೆಯಲ್ಲಿ ಒಬ್ಬಟ್ಟು ಬೇಡವೆಂದರೆ ‘ಶುಗರ್ರಾ?’ ಅನ್ನುವರು. ‘ಹೂಂ’ ಅಂದರೆ ಬಿಡುತ್ತಾರಲ್ಲ ಎಂದು ಎಷ್ಟೋ ಮದುವೆಗಳಲ್ಲಿ ಸಕ್ಕರೆ ಕಾಯಿಲೆಯವನಾಗಿದ್ದೇನೆ. ಆಮೇಲೆ ಮದುವೆಗೆ ಹೋಗುವುದೇ ಬಿಟ್ಟೆ. ಅಕ್ಕನ ಮನೆ ಗೃಹಪ್ರವೇಶಕ್ಕೂ ಹೋಗಲಿಲ್ಲ. ಅದಕ್ಕೆ ಅವಳು ಇವತ್ತಿಗೂ ಕೊಂಕು ತೆಗೆಯುತ್ತಾಳೆ.

ಇದರ ಮೇಲೆ ಸ್ಟೆರಾಯ್ಡ್. ಕಾಯಿಲೆ ಕೆರಳಿದಾಗ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಅದು ರಕ್ತ ನಿಲ್ಲಿಸುತ್ತದೆ, ಅದರ ಉಪಕಾರ ಮರೆಯುವ ಹಾಗಿಲ್ಲ. ಆದರೆ ಮೊದಲು ನಿದ್ದೆ ಹೋಯಿತು, ಬಾಯಿ ಸುಮ್ಮನಿರದಾಯಿತು, ನಡುರಾತ್ರಿಯಲ್ಲಿ ಎದ್ದು ಬೀರು ಜೋಡಿಸುತ್ತಿದ್ದೆ. ಮುಖ ಊದಿ ದುಂಡಗಾಯಿತು. ಕಂಡವರು ‘ಮೈ ಕೈ ತುಂಬ್ಕೊಂಡಿದೀರಿ, ಚೆನ್ನಾಗಾಗಿದೀರಿ’ ಎಂದರು. ಡೋಸು ಇಳಿಸುತ್ತಾ ಬಂದ ಹಾಗೆ ಮನಸ್ಸೂ ಪಾತಾಳಕ್ಕೆ ಇಳಿಯಿತು. ಸ್ಟೆರಾಯ್ಡ್‌ನಿಂದ ಹೀಗೆ ಮನಸ್ಸು ಏರುಪೇರಾಗುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಚೀಟಿ ಬರೆದುಕೊಟ್ಟವರು ಊಟವಾದ ಮೇಲೆ ತಗೊಳ್ಳಿ, ಉಪ್ಪು ಕಡಿಮೆ ಮಾಡಿ ಎಂದಿದ್ದರೇ ಹೊರತು ಇದರ ಸುದ್ದಿ ಎತ್ತಿರಲಿಲ್ಲ. ಎತ್ತಿದ್ದರೆ ನನ್ನ ಹೆಂಡತಿಯಾದರೂ ಅಷ್ಟು ಹೆದರುತ್ತಿರಲಿಲ್ಲ. ಅವಳು ದೃಷ್ಟಿ ತೆಗೆಸಿದಳು, ಊರ ದೇವರಿಗೆ ಹರಕೆ ಹೊತ್ತಳು. ಸ್ಟೆರಾಯ್ಡನ್ನು ದಿಢೀರನೆ ನಿಲ್ಲಿಸಲೂಬಾರದು, ಹಂತಹಂತವಾಗಿಯೇ ಇಳಿಸಬೇಕು. ಹೆದರಿಕೊಂಡು ತಾವೇ ನಿಲ್ಲಿಸಿ ಆಸ್ಪತ್ರೆ ಸೇರಿದವರೂ ಇದ್ದಾರೆ.

ನಾನು ತೋರಿಸಿಕೊಳ್ಳುವ ಕರುಳಿನ ತಜ್ಞರು ಒಳ್ಳೆಯವರೇ. ಅವರ ಓಪಿಡಿಯಲ್ಲಿ ನನ್ನ ಪಾಳಿ ಬರುವ ಹೊತ್ತಿಗೆ ಹೊರಗೆ ಬಾಗಿಲ ತನಕ ಜನ. ದಿನಕ್ಕೆ ಎಷ್ಟು ಸಲ? ರಕ್ತ ಇದೆಯಾ? ಹೊಟ್ಟೆ ನೋವು? ತೂಕ? ರಿಪೋರ್ಟ್ ಕೊಡಿ. ಮೆಸಲಮೈನ್ ಮಾತ್ರೆ ಮುಂದುವರಿಸಿ. ಮುಗಿಯಿತು. ಎಷ್ಟು ಸಲ ಹೋಗುತ್ತೀರಿ ಎಂದು ಕೇಳಿದವರು, ಹೇಗಿದ್ದೀರಿ ಎಂದು ಕೇಳಿದ್ದಿಲ್ಲ. ನಾವೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆ ಡಾಕ್ಟರ ಮುಂದೆ ಮನಸ್ಸಿನ ಗೋಳು ಹೇಳಿಕೊಂಡರೆ ಏನಂದುಕೊಂಡಾರು ಎಂಬ ಸಂಕೋಚ.

ಇದು ನನ್ನೊಬ್ಬನ ಮನೆ ಕಥೆಯಲ್ಲ. ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಐಬಿಡಿ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿವೆ, ಮೂರರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳಿವೆ. ಕಾಯಿಲೆ ಕೆರಳಿದ ಕಾಲದಲ್ಲಿ ಇನ್ನೂ ಹೆಚ್ಚು. ಹೀಗಿರುವಾಗ ಕರುಳಿನ ಓಪಿಡಿಯಲ್ಲಿ ಎರಡು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು? ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದ ಹಾಗೆ ಆಗಿತ್ತಾ? ಮನಸ್ಸು ಕುಗ್ಗಿದ ಹಾಗೆ, ಏನೂ ದಾರಿ ಕಾಣದ ಹಾಗೆ ಅನ್ನಿಸಿತ್ತಾ? ಈ ಎರಡು ಪ್ರಶ್ನೆ ನಾನು ಕಟ್ಟಿದ್ದಲ್ಲ, ವೈದ್ಯರೇ ಬಳಸುವ ಪ್ರಶ್ನಾವಳಿಯ ಮೊದಲೆರಡು ಪ್ರಶ್ನೆಗಳು. ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2019ರಲ್ಲಿ ನನ್ನ ಕಾಯಿಲೆಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಖಿನ್ನತೆ, ಆತಂಕ ಇದೆಯೇ ಎಂದು ನೋಡಬೇಕೆಂದು ಬರೆದೇ ಇದೆ. ನಮ್ಮಲ್ಲಿ ವೈದ್ಯರಿಗೆ ಬಿಡುವಿಲ್ಲ ಎಂದಾದರೆ ತೂಕ ನೋಡುವ ನರ್ಸಮ್ಮ ಕೇಳಲಿ. ತೂಕದ ಪಕ್ಕದಲ್ಲೇ ಬರೆದುಕೊಳ್ಳಲಿ.

ನನಗೆ ಆ ಪ್ರಶ್ನೆ ಕೇಳಿದ್ದು ನಮ್ಮೂರ ಔಷಧಿ ಅಂಗಡಿಯವನು ಎಂದರೆ ನೀವು ನಂಬಬೇಕು. ತಿಂಗಳ ಮಾತ್ರೆ ತರಲು ಹೋದಾಗ, ‘ಯಾಕಣ್ಣ, ಇತ್ತೀಚೆಗೆ ಮಾತೇ ಆಡಲ್ಲ? ಮೊದಲು ರೇಟಿಗೆ ಜಗಳ ಆಡೋರು’ ಎಂದ. ಅಂಗಡಿ ಖಾಲಿಯಿತ್ತು. ಹೇಳಿಬಿಟ್ಟೆ. ಅವನೇ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂದದ್ದು. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ ಅದು. ಅಸಲಿಗೆ ತಾಲ್ಲೂಕು ಮಟ್ಟಕ್ಕೆ ಮನೋವೈದ್ಯಕೀಯ ಒಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳ್ಳಾರಿ ಎಂದರೆ ಗಣಿ ಮಾತ್ರ ನೆನಪಾಗುವ ನಮಗೆ ಇದೂ ನೆನಪಿರಲಿ.

ಮಂಗಳವಾರ ಹೋದಾಗ ಸಿಕ್ಕ ಆ ಮನೋವೈದ್ಯೆ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ನನ್ನ ಫೈಲು ಪೂರ್ತಿ ನೋಡಿ ಮೊದಲು ಕೇಳಿದ್ದು ಹಿಮೊಗ್ಲೋಬಿನ್ ಎಷ್ಟಿದೆ ಎಂದು. ರಕ್ತ ಹೋಗಿ ಹೋಗಿ ಮೈಯಲ್ಲಿ ಕಬ್ಬಿಣದ ಅಂಶ ಇಳಿದಿರುತ್ತದೆ, ಮೆಟ್ಟಿಲು ಹತ್ತಲು ಆಗದ ಸುಸ್ತಿನಲ್ಲಿ ಅರ್ಧ ಅದೇ ಇರಬಹುದು, ಅದನ್ನು ಸರಿಮಾಡದೆ ಬರೀ ಮನಸ್ಸಿನ ಮಾತ್ರೆ ಕೊಟ್ಟು ಏನು ಪ್ರಯೋಜನ ಎಂದರು. ಕರುಳಿನ ತಜ್ಞರಿಗೆ ಚೀಟಿ ಬರೆದರು. ಕಬ್ಬಿಣದ ಮಾತ್ರೆ ನನ್ನ ಹೊಟ್ಟೆಗೆ ಆಗಿಬರದ ಕಾರಣ ಅವರು ಅದನ್ನು ಡ್ರಿಪ್ ಮೂಲಕ ಕೊಟ್ಟರು. ವಿಟಮಿನ್ ಡಿ, ಬಿ12 ಎರಡನ್ನೂ ನೋಡಿಸಿದರು. ಇಷ್ಟರಲ್ಲೇ ಸ್ವಲ್ಪ ಬೆಳಕು ಬಂತು. ಆಮೇಲೆ ವೈದ್ಯೆ ಸಣ್ಣ ಡೋಸಿನಲ್ಲಿ ಖಿನ್ನತೆಯ ಮಾತ್ರೆಯೊಂದನ್ನು ಶುರುಮಾಡಿದರು. ಅದು ಹಿಡಿಯಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೆ ಏನೂ ಆಗಲಿಲ್ಲವೆಂದು ಬಿಡಬೇಡಿ ಎಂದು ಮೊದಲೇ ಎಚ್ಚರಿಸಿದರು. ಹಾಗೇ ಆಯಿತು. ಈ ಮಾತ್ರೆ ಚಟವಾಗುತ್ತದೆ ಎಂದು ಹೆದರಿಸುವವರು ಊರಿಗೆ ಹತ್ತು ಜನ. ನಿದ್ದೆ ಮಾತ್ರೆಗೂ ಇದಕ್ಕೂ ವ್ಯತ್ಯಾಸವಿದೆ. ನಿಲ್ಲಿಸುವಾಗ ವೈದ್ಯರನ್ನು ಕೇಳಿ ನಿಧಾನವಾಗಿ ನಿಲ್ಲಿಸಬೇಕು, ಅಷ್ಟೇ. ಇನ್ನೊಂದು ಮಾತನ್ನೂ ಅವರು ಹೇಳಿದರು: ಮಂಡಿನೋವು, ತಲೆನೋವಿಗೆಂದು ಅಂಗಡಿಯಲ್ಲಿ ನಾವೇ ಕೇಳಿ ತಗೊಳ್ಳುವ ಐಬುಪ್ರೊಫೆನ್, ಡಿಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಈ ಕಾಯಿಲೆಯನ್ನು ಕೆರಳಿಸಬಹುದು, ಕೇಳದೆ ನುಂಗಬೇಡಿ.

ಇನ್ನು ನಕ್ಷೆಯ ವಿಷಯ. ಭೂಮಾಪಕನಾದ್ದರಿಂದ ಸಹಜವಾಗಿಯೇ ನಾನೊಂದು ನಕ್ಷೆ ಮಾಡಿಟ್ಟುಕೊಂಡಿದ್ದೆ. ನನ್ನ ಓಡಾಟದ ಊರುಗಳಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಚಿಲಕವಿದೆ, ಎಲ್ಲಿ ನೀರು ಬರುತ್ತದೆ, ಯಾವ ಪೆಟ್ರೋಲ್ ಬಂಕಿನವನು ಬೀಗದ ಕೈ ಕೊಡುತ್ತಾನೆ, ಯಾವ ದೇವಸ್ಥಾನದ ಸಮುದಾಯ ಭವನ ಹಗಲಿನಲ್ಲಿ ತೆಗೆದಿರುತ್ತದೆ, ಎಲ್ಲ ಅದರಲ್ಲಿತ್ತು. ಕೆಂಪು ಶಾಯಿಯಲ್ಲಿ ಗುರುತು. ಹೆಮ್ಮೆಯಿಂದ ತೋರಿಸಿದೆ. ವೈದ್ಯೆ ಅದನ್ನು ಬಿಡಿಸಿ ಬಹಳ ಹೊತ್ತು ನೋಡಿದರು. ‘ಸಾರ್, ಕೆಂಪು ಗುರುತಿಲ್ಲದ ಊರಿಗೆ ನೀವು ಕೊನೇ ಸಲ ಹೋಗಿದ್ದು ಯಾವಾಗ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಕ್ಷೆ ಕಿಸೆಯಲ್ಲಿರಲಿ, ಆದರೆ ಅದು ನಿಮಗೆ ಬೇಲಿ ಆಗಬಾರದು, ಹೊಟ್ಟೆ ಶಾಂತವಾಗಿರುವ ದಿನ ನೋಡಿಕೊಂಡು ಗುರುತಿಲ್ಲದ ಒಂದು ಊರಿಗೆ ಅರ್ಧ ಗಂಟೆಯ ಮಟ್ಟಿಗೆ ಹೋಗಿಬನ್ನಿ, ಆಮೇಲೆ ಒಂದು ಗಂಟೆ, ಹೀಗೆ ಎಂದರು. ಜೊತೆಗೆ, ಮನಸ್ಸು ಬರಲಿ ಎಂದು ಕಾಯದೆ ದಿನಕ್ಕೆ ಒಂದಾದರೂ ಸಣ್ಣ ಕೆಲಸ ಮುಗಿಸಿ, ಮನಸ್ಸು ಹಿಂದಿನಿಂದ ಬರುತ್ತದೆ ಎಂದರು. ನಾನು ದಿನಕ್ಕೊಂದು ಬಾಕಿ ನಕ್ಷೆ ಬರೆಯಲು ಕೂತೆ. ಮೊದಮೊದಲು ಒಂದು ಗೆರೆ ಎಳೆದು ಎದ್ದದ್ದೂ ಉಂಟು.

ಈಗ ನನ್ನ ಬೈಕಿನ ಬಾಕ್ಸಿನಲ್ಲಿ ಇನ್ನೊಂದು ಪ್ಯಾಂಟು, ಟವೆಲ್ಲು, ಎರಡು ಬಾಟಲಿ ನೀರು, ಸೋಪಿನ ಚೂರು, ಕವರು ಇರುತ್ತವೆ. ದೂರದ ಊರಾದರೆ ದೊಡ್ಡವರ ಡೈಪರ್ ಹಾಕಿಕೊಳ್ಳುತ್ತೇನೆ. ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಆದರೂ ಇರಲಿ, ಓದುವ ಯಾರೋ ಒಬ್ಬರಿಗೆ ಉಪಯೋಗವಾದೀತು. ಅಂಗಿ ಜೇಬಿನಲ್ಲಿ ಹತ್ತು ರೂಪಾಯಿ ನೋಟುಗಳ ಕಟ್ಟು. ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ ಕೂತವನು ನನ್ನ ಅವಸರದ ಹೊತ್ತಿಗೇ ‘ಚಿಲ್ಲರೆ ಕೊಡಿ’ ಎನ್ನುತ್ತಾನೆ, ನಾಣ್ಯ ಕೊಟ್ಟರೆ ‘ಇದು ನಡೆಯಲ್ಲ’ ಎನ್ನುತ್ತಾನೆ. ಬೆಂಗಳೂರಿಗೆ ಹೋಗುವಾಗ ಬಸ್ಸಿನ ಸಹವಾಸವೇ ಬೇಡವೆಂದು ಅರಸೀಕೆರೆಗೆ ಬಂದು ರೈಲು ಹತ್ತುತ್ತೇನೆ. ತಿಪಟೂರು, ತುಮಕೂರು ದಾಟುವ ತನಕ ಕಿಟಕಿಯಲ್ಲಿ ತೋಟ ನೋಡಿಕೊಂಡು ನೆಮ್ಮದಿಯಾಗಿ ಕೂತಿರುತ್ತೇನೆ, ಬೋಗಿಯ ಎರಡೂ ತುದಿಯಲ್ಲಿ ಶೌಚಾಲಯವಿದೆ ಎಂಬ ಧೈರ್ಯದಿಂದ. ವಿಚಿತ್ರವೆಂದರೆ, ಇದೆ ಎಂದು ಗೊತ್ತಿದ್ದರೆ ಬಹುತೇಕ ಅದರ ಅಗತ್ಯವೇ ಬೀಳುವುದಿಲ್ಲ. ಹೊಟ್ಟೆಯ ಮೇಲೆ ಮನಸ್ಸಿನ ಪ್ರಭಾವ ಇಲ್ಲ ಎಂದು ನಾನೇನೂ ವಾದಿಸುತ್ತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಖುಷಿಯಾಗಿರಿ ಎಂದವರ ಮಾತಿಗಿಂತ ರೈಲಿನ ಶೌಚಾಲಯ ನನಗೆ ಹೆಚ್ಚು ಖುಷಿ ಕೊಟ್ಟಿದೆ.

ಹಾಗಾಗಿ ಶೌಚಾಲಯವನ್ನು ಬರೀ ಸ್ವಚ್ಛತೆಯ ವಿಷಯ ಎಂದುಕೊಳ್ಳಬೇಡಿ. ನಮ್ಮಂಥವರು ಮನೆಯಿಂದ ಹೊರಗೆ ಬರುತ್ತಾರೋ ಇಲ್ಲವೋ ಎನ್ನುವುದು ಅದರ ಮೇಲೇ ನಿಂತಿದೆ. ಗಂಡಸಾದ ನನ್ನದೇ ಈ ಪಾಡಾದರೆ, ಇದೇ ಕಾಯಿಲೆ ಇಟ್ಟುಕೊಂಡು ಹೊಲದ ಕೂಲಿಗೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಪಾಡು ಏನು? ಅವರು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ, ಊಟ ಬಿಟ್ಟು ದಿನ ದೂಡುತ್ತಾರೆ. ಓಪಿಡಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬಳು ಮಧ್ಯಾಹ್ನದ ಬುತ್ತಿಯನ್ನು ಹಾಗೇ ವಾಪಸು ತರುತ್ತೇನೆ, ಅತ್ತೆ ಬೈತಾರೆಂದು ದಾರಿಯಲ್ಲಿ ಹಸುವಿಗೆ ಹಾಕಿಬಿಡುತ್ತೇನೆ ಎಂದಳು.

ಈಗ ಅಳತೆ ಶುರುಮಾಡುವ ಮೊದಲೇ ಎಲ್ಲರ ಎದುರಿಗೆ ಹೇಳಿಬಿಡುತ್ತೇನೆ: ‘ನನಗೆ ಕರುಳಿನ ಕಾಯಿಲೆ ಇದೆ, ಮಧ್ಯೆ ಎದ್ದು ಹೋಗಬೇಕಾಗಬಹುದು, ಹತ್ತಿರದ ಮನೆಯಲ್ಲಿ ಶೌಚಾಲಯ ಇದ್ದರೆ ತೋರಿಸಿ.’ ಮೊದಲ ಸಲ ಹೇಳಿದಾಗ ಗಂಟಲು ಒಣಗಿತ್ತು. ಜನ ಮುಖ ಮುಖ ನೋಡಿಕೊಂಡರು. ಬದುವಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು, ‘ಅಯ್ಯೋ ಅಷ್ಟೇನಾ! ಹೋದ್ಸಲ ನೀನು ಎದ್ದು ಹೋದಾಗ ನಮ್ಮುಡುಗ ಐದು ಸಾವ್ರ ಹೊಂದ್ಸಕ್ಕೆ ಹೋಗಿದ್ನಲ್ಲೋ’ ಎಂದರು. ಎರಡೂ ಪಾರ್ಟಿಯವರು ನಕ್ಕರು. ವ್ಯಾಜ್ಯದ ಜಮೀನಿನಲ್ಲಿ ಎರಡೂ ಕಡೆಯವರು ಒಟ್ಟಿಗೆ ನಕ್ಕಿದ್ದನ್ನು ನನ್ನ ವೃತ್ತಿಯಲ್ಲಿ ಕಂಡದ್ದು ಕಡಿಮೆ. ಆದರೆ ಎಲ್ಲ ಕಡೆ ಹೀಗೇ ಆಗುತ್ತದೆ ಎಂದುಕೊಳ್ಳಬೇಡಿ. ಒಂದು ಊರಿನಲ್ಲಿ ಕುಡಿಯಲು ನೀರು ಕೊಟ್ಟ ಲೋಟವನ್ನು ಆಮೇಲೆ ಬೇರೆಯಾಗಿ ಇಟ್ಟರು. ಇದು ಅಂಟುರೋಗವಲ್ಲ ಎಂದು ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಕಾಯಿಲೆ ವಾಸಿಯಾಗಿದೆ ಎಂದು ಯಾರೂ ತಿಳಿಯಬಾರದು. ಔಷಧಿಯಿಂದ ಸದ್ಯಕ್ಕೆ ತಣ್ಣಗಿದೆ. ಮತ್ತೆ ಕೆರಳಬಹುದು. ಕೆರಳಿದರೆ ಮನಸ್ಸೂ ಮತ್ತೆ ಕುಗ್ಗಬಹುದು, ಆಗ ಮತ್ತೆ ಹೋಗಿ ತೋರಿಸಿಕೊಳ್ಳುವುದು. ಮೆಸಲಮೈನ್‌ಗೆ ಬಗ್ಗದವರಿಗೆ ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್, ಟೊಫಾಸಿಟಿನಿಬ್ ಎಂದೆಲ್ಲ ಬೇರೆ ಔಷಧಿಗಳಿವೆ, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಆ ಖರ್ಚಿನ ಕಥೆ ತೆಗೆದರೆ ಇನ್ನೊಂದು ಪತ್ರವಾಗುತ್ತದೆ. ಕೊಬ್ಬರಿ ರೇಟು ಬಿದ್ದ ವರ್ಷ ಮಾತ್ರೆ ಬಿಟ್ಟು, ಮತ್ತೆ ರಕ್ತ ಶುರುವಾಗಿ ಆಸ್ಪತ್ರೆಗೆ ಬಂದ ರೈತರನ್ನು ಕಂಡಿದ್ದೇನೆ. ಅವರಿಗೂ ಆಸ್ಪತ್ರೆಯಲ್ಲಿ ಸಿಕ್ಕಿದ್ದು, ‘ಯಾಕ್ರೀ ಬಿಟ್ರಿ?’ ಎಂಬ ಗದರಿಕೆ.

ಮನೆಯವರಿಗೂ ಒಂದು ಮಾತು. ‘ಧೈರ್ಯವಾಗಿರು’ ಎಂದು ಹೇಳಿದರೆ ನಿಮ್ಮ ಕರ್ತವ್ಯ ಮುಗಿಯಿತು ಅನ್ನಿಸಬಹುದು, ಕೇಳಿಸಿಕೊಂಡವನಿಗೆ ಮಾತ್ರ ಕಾಯಿಲೆಯ ಜೊತೆಗೆ ಅಧೈರ್ಯದ ತಪ್ಪೂ ತಲೆ ಮೇಲೆ ಬೀಳುತ್ತದೆ. ನನ್ನ ಹೆಂಡತಿ ಹರಕೆ ತೀರಿಸಿದ ಮೇಲೆ ಮಾಡಿದ ಒಂದು ಕೆಲಸ ನನಗೆ ಬಹಳ ಆಸರೆಯಾಯಿತು. ನಾನು ಬಚ್ಚಲ ಕಡೆ ಎದ್ದಾಗಲೆಲ್ಲ ‘ಮತ್ತೆನಾ?’ ಎಂದು ಕೇಳುವುದನ್ನು ನಿಲ್ಲಿಸಿದಳು. ನೆಂಟರಿಗೂ ಕೇಳಬಾರದೆಂದು ತಾಕೀತು ಮಾಡಿದಳು. ಬದುಕಿದ್ದು ಏನು ಪ್ರಯೋಜನ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ಸುಮ್ಮನೆ ಅಂದದ್ದು ಎಂದು ತಳ್ಳಿಹಾಕಬೇಡಿ. ಅವತ್ತೇ ಜೊತೆಯಲ್ಲಿ ಕೂತು ಕೇಳಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ನಾನೂ ಮಾಡಿದ್ದೇನೆ. ಆ ಕಡೆಯವರು ಧೈರ್ಯ ಹೇಳಲಿಲ್ಲ, ಪ್ರಶ್ನೆ ಕೇಳಿದರು, ನಾನು ಹೇಳುವ ತನಕ ಕಾದರು.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಮೇ 19 ವಿಶ್ವ ಐಬಿಡಿ ದಿನ. ಆ ದಿನದ ಪುರವಣಿಯಲ್ಲಿ ಈ ಕಾಯಿಲೆಗೆ ಒಂದು ಪುಟ ಕೊಡಿ. ಅದರಲ್ಲಿ ಕರುಳಿನ ತಜ್ಞರೊಬ್ಬರು ಬರೆಯಲಿ, ಪಕ್ಕದಲ್ಲೇ ಮನೋವೈದ್ಯರೊಬ್ಬರೂ ಬರೆಯಲಿ. ಆರೋಗ್ಯ ಇಲಾಖೆಯವರು ನಿಮ್ಮ ಪತ್ರಿಕೆ ಓದುತ್ತಾರಾದರೆ, ಮಂಗಳವಾರದ ಮನೋವೈದ್ಯರು ರಜೆಯಲ್ಲಿದ್ದಾಗ ಬದಲಿಗೆ ಯಾರು ಬರುತ್ತಾರೆ ಎಂಬುದನ್ನು ಆಸ್ಪತ್ರೆಯ ಬಾಗಿಲಲ್ಲಿ ಮೊದಲೇ ಬರೆದು ಹಾಕಿಸಲಿ. ಎರಡು ಊರು ದಾಟಿ ಬಂದು, ಖಾಲಿ ಕುರ್ಚಿ ನೋಡಿಕೊಂಡು ಹೋದವನು ಇನ್ನೊಂದು ಮಂಗಳವಾರ ಬರುವುದಿಲ್ಲ.

ಪತ್ರದ ಕೆಳಗೆ ಹೆಸರು ಹಾಕಬೇಡಿ. ಊರ ಮುಂದೆ ಹೇಳಿಕೊಂಡವನು ಪೇಪರಿನಲ್ಲಿ ಯಾಕೆ ಅಡಗುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಮಗಳಿಗೆ ಗಂಡು ನೋಡುತ್ತಿದ್ದೇವೆ. ಈ ಕಾಯಿಲೆ ಇರುವವರ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ, ಆದರೆ ಅದನ್ನು ಬೀಗರಾಗುವವರಿಗೆ ತಟ್ಟೆ ತುಂಬ ಉಪ್ಪಿಟ್ಟು ಕೊಟ್ಟು ಕೂರಿಸಿ ವಿವರಿಸುವುದು ಹೇಗೆ? ಮಗಳದೇನೂ ಅಭ್ಯಂತರವಿಲ್ಲ, ಹೆಸರು ಹಾಕಿ ಅಪ್ಪ ಎಂದೇ ಅಂದಳು. ಬೇಡ ಅಂದವಳು ಅವಳಮ್ಮ.

ಇಂತಿ,
ಒಬ್ಬ ಪರವಾನಗಿ ಭೂಮಾಪಕ
ಹಾಸನ ಜಿಲ್ಲೆ